ಬೆರೆಸುವ ಮುಂಚೆ

ಟ್ಯಾಂಕರ್ ಗೇಟು ದಾಟಿ ಒಳಗೆ ಬಂದ ಮೇಲೆ ನಾನು ಚಾಲಕರಿಗೆ ಕೇಳುವ ಮೊದಲ ಪ್ರಶ್ನೆ ಎಷ್ಟು ಗ್ಯಾಲನ್ ಅಂತಲ್ಲ. "ಖಾನ್ ಸಾಬ್, ಇದು ಒಂದೇ ಕಡೆ ತುಂಬಿದ್ದಾ, ಎರಡು ಮೂರು ಕಡೆಯದಾ?" ಪೆಶಾವರದ ಕಡೆಯ ಆ ಹಿರಿಯರು ಉತ್ತರ ಹೇಳುವಷ್ಟರಲ್ಲಿ ನಮ್ಮ ಹುಡುಗ ಮುಖಗವಸು ಹಾಕಿಕೊಂಡು ಮೇಲೆ ಹತ್ತಿ, ಹಗ್ಗ ಕಟ್ಟಿದ ಬಾಟಲಿ ಇಳಿಬಿಟ್ಟು ಮಾದರಿ ತೆಗೆದಿರುತ್ತಾನೆ. ಒಂದೇ ಕಡೆಯದು ಎಂದರೆ ನನ್ನ ಕೆಲಸ ಅರ್ಧ ಮುಗಿದ ಹಾಗೆ. ಬೆರಕೆ ಎಂದರೆ ಆವತ್ತು ಲ್ಯಾಬ್ ಬಿಟ್ಟು ಏಳುವಂತಿಲ್ಲ.

ದುಬೈನ ಜೆಬೆಲ್ ಅಲಿ ಕಡೆ, ಕಾರ್ಖಾನೆಗಳ ಕೊಳಕು ನೀರನ್ನು ತರಿಸಿಕೊಂಡು ಸಂಸ್ಕರಿಸುವ ಒಂದು ಘಟಕದಲ್ಲಿ ನಾನು ಕೆಮಿಸ್ಟ್. ಊರು ತೀರ್ಥಹಳ್ಳಿ ಹತ್ತಿರ. ಓದಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಕೆಲಸ ಕಲಿತದ್ದು ಬೆಂಗಳೂರಿನ ಪೀಣ್ಯದಲ್ಲಿ, ಆಮೇಲೆ ಅಬುಧಾಬಿಯ ಮುಸಫ್ಫಾದಲ್ಲಿ. ಕೆಲಸ ಮಾಡಿದ ಈ ಮೂರೂ ಕಡೆ ಕಂಡದ್ದು ಒಂದೇ ಸಂಗತಿ. ನೀರಿನಲ್ಲಿರುವ ಲೋಹ ಮತ್ತೆ ಲೋಹವಾಗಿ ಸಿಗುತ್ತದೋ, ವಿಷದ ಕೆಸರಾಗಿ ಮಣ್ಣಿಗೆ ಹೋಗುತ್ತದೋ ಎಂಬುದು ನಮ್ಮಂಥ ಘಟಕಗಳಲ್ಲಿ ತೀರ್ಮಾನವಾಗುವುದಿಲ್ಲ. ಅದು ಕಾರ್ಖಾನೆಯ ಒಳಗೆ, ಎರಡು ಪೈಪು ಸೇರುವ ಜಾಗದಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ.

ಲೋಹ ನೀರಿಗೆ ಹೇಗೆ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ನಲ್ಲಿ, ಬಾಗಿಲ ಹಿಡಿ, ಬೈಕಿನ ಬಿಡಿಭಾಗ ಇವಕ್ಕೆಲ್ಲ ನಿಕ್ಕಲ್, ಕ್ರೋಮಿಯಂ ಗಿಲೀಟು ಮಾಡುತ್ತಾರಲ್ಲ, ಆ ಕೆಲಸ ನಡೆಯುವುದು ಸಾಲಾಗಿ ಇಟ್ಟ ತೊಟ್ಟಿಗಳಲ್ಲಿ. ಲೋಹದ ದ್ರಾವಣದಲ್ಲಿ ಅದ್ದಿ ತೆಗೆದ ಸಾಮಾನನ್ನು ಪಕ್ಕದ ತೊಟ್ಟಿಯ ನೀರಿನಲ್ಲಿ ಜಾಲಿಸುತ್ತಾರೆ. ಸಾಮಾನಿಗೆ ಅಂಟಿಕೊಂಡು ಬಂದ ದ್ರಾವಣ ಜಾಲಿಸುವ ನೀರಿಗೆ ಸೇರುತ್ತದೆ. ಅಷ್ಟೇ. ಯಾರೂ ಕ್ರೋಮಿಯಮ್ಮನ್ನು ಚರಂಡಿಗೆ ಬೇಕೆಂದು ಸುರಿಯುವುದಿಲ್ಲ. ಅದು ತೊಟ್ಟಿಕ್ಕಿ ತೊಟ್ಟಿಕ್ಕಿ ಹೋಗುತ್ತದೆ.

ತೊಟ್ಟಿಕ್ಕುವುದು ಎಷ್ಟು ದೊಡ್ಡ ವಿಷಯ ಎನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಗಿಲೀಟಿನ ಕ್ರೋಮ್ ತೊಟ್ಟಿಯಲ್ಲಿ ಸಾಮಾನ್ಯವಾಗಿ ಲೀಟರಿಗೆ 250 ಗ್ರಾಂನಷ್ಟು ಕ್ರೋಮಿಕ್ ಆಮ್ಲ ಇರುತ್ತದೆ. ಅದರಲ್ಲಿ ಕ್ರೋಮಿಯಂ ಸುಮಾರು 130 ಗ್ರಾಂ. ನಮ್ಮ ಭಾರತದ ನಿಯಮದ ಪ್ರಕಾರ ಹೊರಬಿಡುವ ನೀರಿನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಅಂದರೆ ತೊಟ್ಟಿಯ ಒಂದು ಲೀಟರ್ ದ್ರಾವಣ ಚೆಲ್ಲಿದರೆ 13 ಲಕ್ಷ ಲೀಟರ್ ನೀರು ಮಿತಿ ಮುಟ್ಟುತ್ತದೆ. ಆರು ವೇಲೆನ್ಸಿಯ ಈ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಊಟದ ಎಂಜಲು, ಸೋಪಿನ ನೀರು ಬಂದರೆ ಒಳಚರಂಡಿ ಘಟಕದ ಬ್ಯಾಕ್ಟೀರಿಯಾ ತಿಂದು ಅರಗಿಸಿಕೊಳ್ಳುತ್ತವೆ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸಲಾರದು. ಅದು ಮೂಲಧಾತು, ರೂಪ ಬದಲಿಸುತ್ತದೆ, ಜಾಗ ಬದಲಿಸುತ್ತದೆ, ಆದರೆ ಹೋಗುವುದಿಲ್ಲ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಕೊಲ್ಲಿಗೆ ಹೋಗಿ, ಮೀನಿಗೆ ಸೇರಿ, ಮೀನು ತಿಂದವರ ನರಮಂಡಲಕ್ಕೆ ಬಂದದ್ದು 1956ರಲ್ಲಿ ಬೆಳಕಿಗೆ ಬಂತು. ಅದೇ ದೇಶದ ಜಿಂಜು ನದಿಯ ದಂಡೆಯಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಅಕ್ಕಿಯಲ್ಲಿ ಸೇರಿ ಹೆಂಗಸರ ಮೂಳೆಗಳು ಮುರಿದವು. ಈ ಎರಡೂ ಕಥೆಗಳನ್ನು ನಮ್ಮಲ್ಲಿ ಹೊಸದಾಗಿ ಸೇರುವ ಪ್ರತಿಯೊಬ್ಬ ಹುಡುಗನಿಗೂ ನಾನು ಹೇಳುತ್ತೇನೆ.

ಇಲ್ಲಿ ಈ ವಿಷಯಕ್ಕೆ ಇನ್ನೂ ಒಂದು ತೂಕವಿದೆ. ಈ ನಾಡಿನಲ್ಲಿ ಹೊಳೆ ಇಲ್ಲ. ಕುಡಿಯುವ ನೀರಿನ ಬಹುಪಾಲು ಸಮುದ್ರದ ನೀರನ್ನು ಸಿಹಿ ಮಾಡಿ ಬರುವುದು. ಅಬುಧಾಬಿಯ ತವೀಲಾದಲ್ಲಿರುವ ಒಂದೇ ಘಟಕ ದಿನಕ್ಕೆ 20 ಕೋಟಿ ಗ್ಯಾಲನ್, ಅಂದರೆ ಸುಮಾರು 90 ಕೋಟಿ ಲೀಟರ್ ನೀರು ಕೊಡುವ ಸಾಮರ್ಥ್ಯದ್ದು. ನೀರು ಎತ್ತುವ ಕೊಲ್ಲಿ ಸರಾಸರಿ 35 ಮೀಟರ್ ಮಾತ್ರ ಆಳ. ಹೊರಗಿನ ಸಾಗರದೊಂದಿಗೆ ಸಂಪರ್ಕ ಹಾರ್ಮುಜ್ ಜಲಸಂಧಿಯೊಂದೇ. ನೀರು ಬದಲಾಗುವುದಕ್ಕೆ ವರ್ಷಗಳೇ ಬೇಕು. 2008ರ ಕೊನೆಗೆ ಈ ಕೊಲ್ಲಿಯಲ್ಲಿ ಕೆಂಪು ಪಾಚಿ ಉಕ್ಕಿ ತಿಂಗಳುಗಟ್ಟಲೆ ನಿಂತಾಗ ಕೆಲವು ನೀರಿನ ಘಟಕಗಳನ್ನೇ ನಿಲ್ಲಿಸಬೇಕಾಯಿತು. ಸಮುದ್ರಕ್ಕೆ ಏನು ಬಿಡುತ್ತೇವೋ ಅದರ ಪಕ್ಕದಲ್ಲೇ ನಾಳೆಯ ಕುಡಿಯುವ ನೀರು ಎತ್ತಬೇಕು.

ಒಳಚರಂಡಿಗೆ ಬಿಟ್ಟದ್ದೂ ಸುಮ್ಮನೆ ಹೋಗುವುದಿಲ್ಲ. ಸಂಸ್ಕರಿಸಿದ ಚರಂಡಿ ನೀರೇ ಇಲ್ಲಿನ ರಸ್ತೆ ಬದಿಯ ಹುಲ್ಲು, ಹೂವು, ಖರ್ಜೂರದ ಮರಗಳಿಗೆ ಹೋಗುತ್ತದೆ. ಅಬುಧಾಬಿಯ ಅಲ್ ವತ್ಬಾ ಜೌಗು ಪ್ರದೇಶಕ್ಕೂ ಸೇರಿರುವುದು ಸಂಸ್ಕರಿಸಿದ ನೀರೇ. 1998ರಲ್ಲಿ ಅಲ್ಲಿ ರಾಜಹಂಸಗಳು, ಇಲ್ಲಿ ಎಲ್ಲರೂ ಫ್ಲೆಮಿಂಗೊ ಎನ್ನುವ ಹಕ್ಕಿಗಳು, ಮರಿ ಮಾಡಿದ ಮೇಲೆ ಅದನ್ನು ರಕ್ಷಿತ ತಾಣ ಮಾಡಿದರು. 2013ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ದುಬೈನ ರಾಸ್ ಅಲ್ ಖೋರ್ 2007ರಿಂದಲೇ ಆ ಪಟ್ಟಿಯಲ್ಲಿದೆ. ನಗರದ ಮಧ್ಯದ ಕ್ರೀಕ್ ಕೊನೆಯಾಗುವ ಆ ಕೆಸರುಗದ್ದೆಯಲ್ಲಿ ಹಕ್ಕಿಗಳು ಕೊಕ್ಕು ಹುದುಗಿಸಿ ಸಣ್ಣ ಸೀಗಡಿ ಹೆಕ್ಕುತ್ತಿರುತ್ತವೆ. ಅದೇ ಹೆಸರಿನ ಕೈಗಾರಿಕಾ ಪ್ರದೇಶ ಅಲ್ಲಿಂದ ದೂರವಿಲ್ಲ. ಭಾರ ಲೋಹ ಹೋಗಿ ನಿಲ್ಲುವುದು ಆ ಕೆಸರಿನಲ್ಲೇ. ನನ್ನ ಮಗಳ ಶಾಲೆಯವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ನಾನೂ ಹೋಗಿದ್ದೆ. ಮಕ್ಕಳು ಹಕ್ಕಿ ಎಣಿಸುತ್ತಿದ್ದರು. ನನಗೆ ಆ ದಿನ ಬೆಳಿಗ್ಗೆ ನೋಡಿದ ಮಾದರಿಗಳ ಅಂಕಿಗಳೇ ಕಣ್ಣ ಮುಂದೆ.

ನೀರಿನಿಂದ ಲೋಹ ತೆಗೆಯುವ ವಿಧಾನ ಹಳೆಯದು, ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆಲ್ಲ ಗೊತ್ತಿರುವುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ? ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ತೋಟಗಳಿಗೆ ತಂದರು. ನಮ್ಮ ಅಪ್ಪಯ್ಯ ದ್ರಾವಣ ಕಲಸಿದ ಮೇಲೆ ತಿಕ್ಕಿ ಹೊಳಪಿಸಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕು ಎಂದು. ಆ ಒಂದು ಡ್ರಮ್ಮಿನೊಳಗೆ ನನ್ನ ಉದ್ಯೋಗದ ಎರಡೂ ಪಾಠಗಳಿವೆ. ಸುಣ್ಣ ಸೇರಿದಾಗ ನೀರಿನಲ್ಲಿ ಕರಗಿದ್ದ ತಾಮ್ರ ಹೈಡ್ರಾಕ್ಸೈಡ್ ಆಗಿ ಕರಗದ ರೂಪಕ್ಕೆ ಬರುತ್ತದೆ. ಇದು ತೆಗೆಯುವ ಪಾಠ. ಕತ್ತಿಯ ಮೇಲೆ ಕೆಂಪಗೆ ಕೂತದ್ದು ನಿಜವಾದ ತಾಮ್ರ, ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ಕೂರಿಸಿದೆ. ಇದು ಮರಳಿ ಪಡೆಯುವ ಪಾಠ. ಚೀನಾದಲ್ಲಿ ಸೋಂಗ್ ರಾಜರ ಕಾಲದಲ್ಲೇ, ಸುಮಾರು ಸಾವಿರ ವರ್ಷದ ಹಿಂದೆ, ಗಣಿಯ ನೀಲಿ ನೀರಿಗೆ ಕಬ್ಬಿಣದ ತಗಡು ಹಾಕಿ ತಾಮ್ರ ತೆಗೆಯುತ್ತಿದ್ದರು.

ಒಂದೇ ಲೋಹವಿದ್ದರೆ ಸುಣ್ಣದ ಕೆಲಸ ಸಲೀಸು. ಎರಡು ಮೂರು ಸೇರಿದಾಗ ಪೇಚು ಶುರು. ಕ್ರೋಮಿಯಂ ಚೆನ್ನಾಗಿ ತಳಕ್ಕೆ ಕೂರುವುದು ಪಿಎಚ್ ಎಂಟರ ಆಸುಪಾಸಿನಲ್ಲಿ. ನಿಕ್ಕಲ್ಲಿಗೆ ಹತ್ತು ದಾಟಬೇಕು. ನಿಕ್ಕಲ್ಲಿಗೆಂದು ಹತ್ತರ ಮೇಲೆ ಏರಿಸಿದರೆ ಕ್ರೋಮಿಯಂ, ಸತು, ಅಲ್ಯೂಮಿನಿಯಂ ಮತ್ತೆ ಕರಗಲು ತೊಡಗುತ್ತವೆ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಎಲ್ಲಕ್ಕೂ ಒಪ್ಪುವ ನಡುವಿನ ಒಂದು ಅಂಕಿಯಲ್ಲಿ ನಿಲ್ಲಿಸಿ, ಉಳಿದದ್ದನ್ನು ಎರಡನೇ ಸಲ ಹಿಡಿಯಬೇಕು.

ಆರು ವೇಲೆನ್ಸಿಯ ಕ್ರೋಮಿಯಂ ಅಂತೂ ಸುಣ್ಣಕ್ಕೆ ಜಗ್ಗುವುದೇ ಇಲ್ಲ. ಅದನ್ನು ಮೊದಲು ಮೂರಕ್ಕೆ ಇಳಿಸಬೇಕು. ಅದಕ್ಕೆ ಗಂಧಕಾಮ್ಲ ಹಾಕಿ ಪಿಎಚ್ ಅನ್ನು ಎರಡು ಮೂರರ ಮಧ್ಯೆ ತಂದು, ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ಬಿಳಿ ಪುಡಿಯನ್ನು ಕಲಸಿ ಬಿಡುತ್ತೇವೆ. ಕಿತ್ತಳೆ ಬಣ್ಣದ ನೀರು ಕಣ್ಣೆದುರೇ ಹಸಿರಾಗುತ್ತದೆ. ಮೀಟರು ನಮ್ಮಲ್ಲಿದೆ, ಆದರೂ ವಿಜಯಪುರದ ಕಡೆಯ ನಮ್ಮ ಆಪರೇಟರ್ ತೊಟ್ಟಿಯ ಅಂಚಿನಲ್ಲಿ ನಿಂತು "ಅಕ್ಕಾರ, ಹಸರಾತ್ರೀ" ಎಂದು ಕೂಗುವವರೆಗೆ ನಾನು ಮುಂದಿನ ಹಂತಕ್ಕೆ ಸಹಿ ಹಾಕುವುದಿಲ್ಲ. ಅವನ ಕಣ್ಣು ತಪ್ಪಿದ್ದನ್ನು ನಾನು ಕಂಡಿಲ್ಲ.

ಕ್ರೋಮ್ ಗಿಲೀಟಿನ ಅಂಗಡಿಯಲ್ಲೇ ಸತು ಅಥವಾ ಚಿನ್ನದ ಗಿಲೀಟಿಗೆ ಸಯನೈಡ್ ಬಳಸುತ್ತಿದ್ದರೆ ಅದಕ್ಕೆ ತದ್ವಿರುದ್ಧ ದಾರಿ. ಪಿಎಚ್ ಹತ್ತರ ಮೇಲಿಟ್ಟು ಹೈಪೋಕ್ಲೋರೈಟ್ ಹಾಕಿ ಸಯನೈಡನ್ನು ಮುರಿಯಬೇಕು. ಕ್ರೋಮಿಯಮ್ಮಿಗೆ ಆಮ್ಲ ಬೇಕು, ಸಯನೈಡಿಗೆ ಆಮ್ಲ ತಾಗಲೇಬಾರದು. ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ; ಮುಚ್ಚಿದ ಜಾಗದಲ್ಲಿ ಮನುಷ್ಯರನ್ನು ನಿಮಿಷಗಳಲ್ಲಿ ಕೊಲ್ಲುವ ಅನಿಲ. ಈ ಎರಡು ನೀರಿಗೆ ಒಂದೇ ಚರಂಡಿ ಇಟ್ಟ ಅಂಗಡಿಯನ್ನು ಕಂಡರೆ ನನಗೆ ಮೈ ನಡುಗುತ್ತದೆ. ಪೈಪಿನ ಖರ್ಚು ಉಳಿಸುವುದಕ್ಕೆ ಹೀಗೆ ಮಾಡಿದವರನ್ನು ಪೀಣ್ಯದಲ್ಲೂ ಕಂಡಿದ್ದೇನೆ, ಇಲ್ಲೂ ಕಂಡಿದ್ದೇನೆ.

ಒಮ್ಮೆ ಬಂದ ಟ್ಯಾಂಕರೊಂದರ ನೀರು ನೇರಳೆ ಛಾಯೆಯ ನೀಲಿ. ಕಾಗದದಲ್ಲಿ "ಜಾಲಿಸಿದ ನೀರು" ಎಂದಷ್ಟೇ ಇತ್ತು. ಆರು ಗಾಜಿನ ಪಾತ್ರೆಗಳಲ್ಲಿ ಬೇರೆ ಬೇರೆ ಪ್ರಮಾಣದ ಕಾಸ್ಟಿಕ್ ಸೋಡಾ ಹಾಕಿ ಕಲಕಿದೆವು. ಪಿಎಚ್ ಹತ್ತೂವರೆಗೆ ಹೋದರೂ ತಳದಲ್ಲಿ ಏನೂ ಕೂರಲಿಲ್ಲ, ನೀಲಿ ಹಾಗೇ ಇತ್ತು. ಅಮೋನಿಯಾ ನಿಕ್ಕಲ್ಲನ್ನು ಸುತ್ತುವರಿದು ಹಿಡಿದುಕೊಂಡಿತ್ತು, ಕಾಸ್ಟಿಕ್ಕಿಗೆ ಬಿಟ್ಟುಕೊಡುತ್ತಿರಲಿಲ್ಲ. ವಿಚಾರಿಸಿದಾಗ ತಿಳಿಯಿತು, ಅಂಗಡಿಯವರು ಹಳೆಯ ನಿಕ್ಕಲ್ ದ್ರಾವಣ, ಅಮೋನಿಯಾದ ನೀರು, ಕ್ರೋಮಿನ ಜಾಲಿಸಿದ ನೀರು ಮೂರನ್ನೂ ಒಂದೇ ಗುಂಡಿಗೆ ಬಿಟ್ಟಿದ್ದರು. ಗಂಧಕವುಳ್ಳ ದುಬಾರಿ ರಾಸಾಯನಿಕ ತರಿಸಿ ನಿಕ್ಕಲ್ಲನ್ನು ಎಳೆದು ಕೂರಿಸಬೇಕಾಯಿತು. ನೀರು ಮಿತಿಯೊಳಗೆ ಬಂತು. ಆದರೆ ಸಿಕ್ಕಿದ ಕೆಸರಿನಲ್ಲಿ ನಿಕ್ಕಲ್, ಕ್ರೋಮಿಯಂ, ಗಂಧಕ ಎಲ್ಲ ಕಲಸಿಹೋಗಿತ್ತು. ಅದನ್ನು ಕೊಳ್ಳುವವರು ಯಾರೂ ಇಲ್ಲ. ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ, ಕೇಕ್ ಮಾಡಿ, ಚೀಲಕ್ಕೆ ತುಂಬಿ, ಅಪಾಯಕಾರಿ ತ್ಯಾಜ್ಯಕ್ಕಾಗಿಯೇ ಮಾಡಿದ ಭೂಭರ್ತಿಗೆ ಕಳಿಸಿದೆವು. ಕಾನೂನಿನ ಪ್ರಕಾರ ಸರಿಯಾದದ್ದೇ. ನನಗೆ ಮಾತ್ರ ಆ ಚೀಲಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಪ್ರಪಂಚದ ಬಹುಪಾಲು ತಾಮ್ರದ ಗಣಿಗಳಲ್ಲಿ ಅದಿರಿನಲ್ಲಿರುವ ತಾಮ್ರ ಶೇಕಡಾ ಒಂದಕ್ಕಿಂತ ಕಡಿಮೆ. ಗಿಲೀಟಿನ ಒಣಗಿದ ಕೆಸರಿನಲ್ಲಿ ಲೋಹ ಅದರ ಎಷ್ಟೋ ಪಟ್ಟು ಇರುತ್ತದೆ. ಬೆಟ್ಟ ಅಗೆದು, ಕಲ್ಲು ಪುಡಿ ಮಾಡಿ, ಸುಟ್ಟು ತಂದ ಲೋಹವನ್ನು ನಾವು ಇನ್ನೊಂದು ಗುಂಡಿಯಲ್ಲಿ ಹೂಳುತ್ತಿದ್ದೇವೆ.

ಈ ನೆಲಕ್ಕೆ ತಾಮ್ರದ ಬೆಲೆ ಗೊತ್ತಿಲ್ಲದ್ದಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಹಜರ್ ಬೆಟ್ಟಗಳ ತಾಮ್ರ ಅಬುಧಾಬಿಯ ಉಮ್ಮ್ ಅನ್ ನಾರ್ ದ್ವೀಪದ ದಾರಿಯಾಗಿ ಮೆಸೊಪೊಟೇಮಿಯಾಕ್ಕೆ ಹಡಗಿನಲ್ಲಿ ಹೋಗುತ್ತಿತ್ತು. ಆ ದ್ವೀಪದಲ್ಲೇ ಮುಂದೆ ತೈಲ ಶುದ್ಧೀಕರಣ ಘಟಕವೂ ಸಮುದ್ರದ ನೀರು ಕಾಯಿಸಿ ಸಿಹಿ ಮಾಡುವ ಘಟಕವೂ ಬಂದವು. ಕಾಯಿಸಿ ಸಿಹಿ ಮಾಡುವ ಘಟಕಗಳ ಕೊಳವೆಗಳು ಸಾಮಾನ್ಯವಾಗಿ ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದವು. ಬಿಸಿ ಉಪ್ಪುನೀರಿನಲ್ಲಿ ಅವು ಸವೆಯುತ್ತಾ ಸಮುದ್ರಕ್ಕೆ ಮರಳುವ ನೀರಿನಲ್ಲಿ ಒಂದಿಷ್ಟು ತಾಮ್ರವನ್ನೂ ಬಿಡುತ್ತವೆ. ತವೀಲಾದಂಥ ಹೊಸ ಘಟಕಗಳು ಪೊರೆಯ ಮೂಲಕ ಸೋಸುವುದರಿಂದ ಆ ತೊಂದರೆ ಕಡಿಮೆ. ಈ ಹೊಸ ಘಟಕಗಳ ವಿದ್ಯುತ್ ಉಳಿತಾಯದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಈ ತಾಮ್ರದ ಮಾತು ಎತ್ತುವವರು ಕಡಿಮೆ, ಅದಕ್ಕೇ ಹೇಳಿದೆ.

ಮರಳಿ ಪಡೆಯುವುದು ಎಷ್ಟು ಸಾಧ್ಯ ಎಂದು ನೋಡಬೇಕಾದರೆ ಚಿನ್ನದ ಕಡೆಗೆ ತಿರುಗಬೇಕು. ದುಬೈನ ದೇರಾದ ಗೋಲ್ಡ್ ಸೂಕ್ ಎಲ್ಲರಿಗೂ ಗೊತ್ತು. ಅದರ ಹಿಂದೆ ಇರುವ ಒಡವೆ ಮಾಡುವ ಕೋಣೆಗಳು, ಊರ ಹೊರಗಿನ ಶುದ್ಧೀಕರಣ ಘಟಕಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಒಡವೆ ಕೆಲಸ ಮಾಡುವವರು ಕೈ ತೊಳೆದ ನೀರನ್ನೂ ಚರಂಡಿಗೆ ಬಿಡುವುದಿಲ್ಲ. ತೊಟ್ಟಿಯಲ್ಲಿ ನಿಲ್ಲಿಸಿ ತಳದ ಗಷ್ಟು ತೆಗೆದಿಟ್ಟುಕೊಳ್ಳುತ್ತಾರೆ. ನಮ್ಮ ಊರುಗಳಲ್ಲೂ ಅಕ್ಕಸಾಲಿಗರ ಅಂಗಡಿಯ ಕಸ ಗುಡಿಸಿದ ಧೂಳನ್ನು ದುಡ್ಡು ಕೊಟ್ಟು ಕೊಂಡು ತೊಳೆಯುವವರು ಇದ್ದರಲ್ಲ. ಶುದ್ಧೀಕರಣದಲ್ಲಿ ಚಿನ್ನವನ್ನು ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ಒಂದು ಪಾಲು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಆಮೇಲೆ ಬೇರೆ ಮಾಡುತ್ತಾರೆ. ಬೇರೆ ಮಾಡಲು ಅನೇಕರು ಹಾಕುವುದು ನಾನು ಕ್ರೋಮಿಯಮ್ಮಿಗೆ ಹಾಕುವ ಅದೇ ಮೆಟಾಬೈಸಲ್ಫೈಟ್. ಚಿನ್ನ ಕಂದು ಪುಡಿಯಾಗಿ ತಳಕ್ಕೆ ಬರುತ್ತದೆ. ಉಳಿದ ನೀರಿನ ಒಂದು ಹನಿಗೆ ತವರದ ಕ್ಲೋರೈಡ್ ಒಂದು ಹನಿ ಮುಟ್ಟಿಸಿ ನೋಡುತ್ತಾರೆ. ನೇರಳೆ ಕಂಡರೆ ಚಿನ್ನ ಇನ್ನೂ ಇದೆ ಎಂದರ್ಥ, ನೀರು ಹೊರಗೆ ಹೋಗುವಂತಿಲ್ಲ. ಬೆಳ್ಳಿಗೆ ಉಪ್ಪು ಹಾಕಿ ಬಿಳಿ ಮೊಸರಿನಂತೆ ಒಡೆಸುತ್ತಾರೆ.

ಅಷ್ಟು ಜತನ ಮಾಡುವವರು ಅದೇ ನೀರಿನಲ್ಲಿ ಉಳಿದ ತಾಮ್ರ, ನಿಕ್ಕಲ್, ಸತುವನ್ನು ಒಟ್ಟಿಗೆ ನಮ್ಮ ಟ್ಯಾಂಕರಿಗೆ ತುಂಬಿಬಿಡುತ್ತಾರೆ. ಹಸಿರು ನೀಲಿ ಬಣ್ಣದ, ಕಟು ಆಮ್ಲದ ನೀರು. ವಿದ್ಯೆ ಇದೆ, ಕೈ ಇದೆ, ಬೆಲೆ ಇಲ್ಲದ್ದಕ್ಕೆ ಅದನ್ನು ಬಳಸುವ ಮನಸ್ಸಿಲ್ಲ.

ನಿಜಕ್ಕೂ ಸಾಧನಗಳಿಗೆ ಕೊರತೆ ಇಲ್ಲ. ವಿದ್ಯುತ್ ಹರಿಸಿ ಲೋಹವನ್ನು ತಗಡಿನ ಮೇಲೆ ಕೂರಿಸುವುದು ಫ್ಯಾರಡೆ 1830ರ ದಶಕದಲ್ಲೇ ಲೆಕ್ಕ ಹಾಕಿಟ್ಟದ್ದು. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಹೆಚ್ಚೆಂದರೆ 1.19 ಗ್ರಾಂ ತಾಮ್ರ ಕೂರುತ್ತದೆ, ಬೆಳ್ಳಿಯಾದರೆ 4 ಗ್ರಾಂ. ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಫಿಲಂ ತೊಳೆಯುತ್ತಿದ್ದ ಕಾಲದಲ್ಲಿ ಆ ನೀರಿನಿಂದ ಹೀಗೆಯೇ ಬೆಳ್ಳಿ ತೆಗೆಯುತ್ತಿದ್ದರು. ನೀರಿನಲ್ಲಿ ಲೋಹ ತೆಳುವಾಗಿದ್ದರೆ ವಿದ್ಯುತ್ ಬಹಳ ಪೋಲಾಗುತ್ತದೆ. ಅದಕ್ಕೆ ಮೊದಲು ರೆಸಿನ್ ಎಂಬ ಸಣ್ಣ ಮಣಿಗಳ ಕಂಬದ ಮೂಲಕ ನೀರು ಹಾಯಿಸಿ, ಮಣಿಗಳು ಹಿಡಿದ ಲೋಹವನ್ನು ಸ್ವಲ್ಪವೇ ಆಮ್ಲದಿಂದ ತೊಳೆದು ಗಟ್ಟಿ ದ್ರಾವಣ ಮಾಡಿಕೊಳ್ಳಬೇಕು. ಖರ್ಜೂರದ ಬೀಜ ಸುಟ್ಟು ಮಾಡಿದ ಇದ್ದಿಲೂ ಲೋಹ ಹೀರುತ್ತದೆ, ಕೊಲ್ಲಿ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಅದರ ಸಂಶೋಧನೆ ಸಾಕಷ್ಟಿದೆ. ಇವೆಲ್ಲ ಚೆನ್ನಾಗಿ ನಡೆಯುವುದು ನೀರಿನಲ್ಲಿ ಒಂದೇ ಲೋಹ ಇದ್ದಾಗ.

ಹಾಗಾಗಿ ಈಗ ನಾನು ವಾರದಲ್ಲಿ ಒಂದು ದಿನ ಲ್ಯಾಬ್ ಬಿಟ್ಟು ಕಾರ್ಖಾನೆಗಳಿಗೇ ಹೋಗುತ್ತೇನೆ. ನಮ್ಮ ಘಟಕದವರೂ ಒಪ್ಪಿ, ಬೆರಕೆಯಿಲ್ಲದ ನೀರಿಗೆ ಕಡಿಮೆ ದರ ಮಾಡಿದ್ದಾರೆ. ದುಬೈನ ಅಲ್ ಕೂಜ್‌ನಲ್ಲಿರುವ ಒಂದು ಸಣ್ಣ ಗಿಲೀಟು ಅಂಗಡಿಯಲ್ಲಿ ನಿಕ್ಕಲ್ ಸಾಲಿನಿಂದ ಶುರು ಮಾಡಿದೆವು. ಮೊದಲ ಬದಲಾವಣೆಗೆ ದುಡ್ಡೇ ಬೇಕಾಗಲಿಲ್ಲ: ರ‍್ಯಾಕನ್ನು ದ್ರಾವಣದಿಂದ ಎತ್ತಿದ ಮೇಲೆ ಅದೇ ತೊಟ್ಟಿಯ ಮೇಲೆ ಹದಿನೈದು ಇಪ್ಪತ್ತು ಸೆಕೆಂಡ್ ಹಿಡಿದು ಸೋರಲು ಬಿಡುವುದು. ಕೈಯಲ್ಲಿ ಹಿಡಿಯುವ ಹುಡುಗ ಬಿಹಾರದವನು. ದಿನಕ್ಕೆ ಇಷ್ಟು ರ‍್ಯಾಕ್ ಮುಗಿಸಬೇಕು ಎಂಬ ಲೆಕ್ಕ ಅವನ ತಲೆಯ ಮೇಲಿತ್ತು. ಅವನಿಗೆ ಬುದ್ಧಿ ಹೇಳುವ ಬದಲು ತೊಟ್ಟಿಯ ಮೇಲೆ ಒಂದು ಸರಳು ಹಾಕಿಸಿದೆವು. ರ‍್ಯಾಕನ್ನು ಅದಕ್ಕೆ ನೇತು ಹಾಕಿ ಅವನು ಮುಂದಿನದನ್ನು ಎತ್ತಿಕೊಳ್ಳುತ್ತಾನೆ.

ಎರಡನೆಯದು ಜಾಲಿಸುವ ತೊಟ್ಟಿಗಳು. ಅಂಟಿದ ದ್ರಾವಣವನ್ನು ಸಾವಿರ ಪಟ್ಟು ತೆಳು ಮಾಡಬೇಕೆಂದರೆ ಒಂದೇ ತೊಟ್ಟಿಯಲ್ಲಿ ಪ್ರತಿ ಲೀಟರಿಗೆ ಸಾವಿರ ಲೀಟರ್ ನೀರು ಬೇಕು. ಎರಡು ತೊಟ್ಟಿ ಇಟ್ಟು ಸಾಮಾನು ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಹೋಗುವಂತೆ ಮಾಡಿದರೆ 32 ಲೀಟರ್ ಸಾಕು. ಮೂರು ತೊಟ್ಟಿಯಾದರೆ 10 ಲೀಟರ್. ನಾನು ಈ ಲೆಕ್ಕ ಬರೆದು ತೋರಿಸಿದಾಗ ಅಂಗಡಿಯ ಮಾಲೀಕರು ನಂಬಲಿಲ್ಲ, ಮೊಬೈಲಿನಲ್ಲಿ ತಾವೇ ವರ್ಗಮೂಲ, ಘನಮೂಲ ತೆಗೆದು ನೋಡಿದರು. ಈಗ ಮೊದಲ ಜಾಲಿಸುವ ತೊಟ್ಟಿಯ ನೀರು ನಿಕ್ಕಲ್ಲಿನಿಂದ ಗಟ್ಟಿಯಾಗಿ ಹಸಿರಾಗಿರುತ್ತದೆ. ನಿಕ್ಕಲ್ ತೊಟ್ಟಿ ಬಿಸಿ ಇರುವುದರಿಂದ ದಿನವೂ ಒಂದಷ್ಟು ಆವಿಯಾಗುತ್ತದೆ. ಆ ಕೊರತೆಯನ್ನು ಈ ಹಸಿರು ನೀರಿನಿಂದಲೇ ತುಂಬುತ್ತಾರೆ. ಕಳೆದುಹೋಗಬೇಕಿದ್ದ ನಿಕ್ಕಲ್ ಹೊರಟಲ್ಲಿಗೇ ವಾಪಸು. ಹೀಗೆ ವಾಪಸು ಬರುವಾಗ ಕಶ್ಮಲಗಳೂ ಸೇರಿಕೊಳ್ಳುವುದರಿಂದ ಇದ್ದಿಲಿನಲ್ಲಿ ಆಗಾಗ ಸೋಸಬೇಕು, ಅದೊಂದು ಕೆಲಸ ಹೆಚ್ಚಾಗಿದೆ. ಆ ಸಾಲಿನಿಂದ ನಮಗೆ ಬರುವ ಟ್ಯಾಂಕರ್ ಈಗ ಅಪರೂಪ, ಬಂದರೆ ಅದರಲ್ಲಿ ನಿಕ್ಕಲ್ ಬಿಟ್ಟು ಬೇರೇನೂ ಇರುವುದಿಲ್ಲ. ರೆಸಿನ್ ಕಂಬಕ್ಕೆ ನೇರವಾಗಿ ಬಿಡಬಹುದು.

ಪೀಣ್ಯದ ಹಳೆಯ ಸಹೋದ್ಯೋಗಿಯೊಬ್ಬರಿಗೆ ಈ ಸಾಲಿನ ನಕ್ಷೆ ಕಳಿಸಿದ್ದೇನೆ. ಅಲ್ಲಿ ಜಾಗ ಇಕ್ಕಟ್ಟು, ಮೂರು ತೊಟ್ಟಿ ಕೂರುವುದಿಲ್ಲ, ಎರಡರಲ್ಲಿ ಮಾಡಿ ನೋಡುತ್ತೇನೆ ಎಂದಿದ್ದಾರೆ. ಅಲ್ಲಿನ ನೀರು ವೃಷಭಾವತಿಗೆ, ಅಲ್ಲಿಂದ ಬೈರಮಂಗಲದ ಕೆರೆಗೆ, ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಹೋಗುವುದು. ಎರಡಾದರೂ ಸರಿ, ಬೇಗ ಆಗಲಿ ಎಂದು ಬರೆದೆ.

ಅಲ್ ಕೂಜ್‌ನ ಅದೇ ಅಂಗಡಿಯಲ್ಲಿ ಸತುವಿನ ಸಾಲು ಇನ್ನೂ ಬಾಕಿ ಇದೆ. ಅದರಲ್ಲಿ ಸಯನೈಡ್ ಇರುವುದರಿಂದ ಪೈಪು, ಗುಂಡಿ, ಪಂಪು ಎಲ್ಲ ಬೇರೆಯೇ ಹಾಕಬೇಕು, ನೆಲ ಒಡೆಯಬೇಕು, ಎರಡು ವಾರ ಕೆಲಸ ನಿಲ್ಲಿಸಬೇಕು. ಮಾಲೀಕರು ಈದ್ ರಜೆಯಲ್ಲಿ ನೋಡೋಣ ಎನ್ನುತ್ತಾರೆ. ರಜೆಗೆ ಮುಂಚೆಯೇ ಗುಂಡಿಯ ಅಳತೆ ತೆಗೆದುಕೊಂಡು ಬರಲು ನಮ್ಮ ವಿಜಯಪುರದ ಹುಡುಗನನ್ನು ಕಳಿಸುತ್ತಿದ್ದೇನೆ.